ಸೋರುವ ಗಡಿಗೆ ಬೇಕಾಗಿತ್ತು

ಹೋದ ಸೋಮವಾರ ನನ್ನ ಮೊಮ್ಮಗಳು ಪವಿತ್ರಾ ಕುಷ್ಟಗಿ ಹತ್ತಿರದ ಸಸಿ ನರ್ಸರಿಯಲ್ಲಿ ಕೆಲಸಕ್ಕೆ ಹಾಜರಾದಳು. ಈ ಒಂದು ಸಾಲು ಬರೆಯುವುದಕ್ಕೇ ನನಗೆ ಅರ್ಧ ತಾಸು ಹಿಡಿಯಿತು. ಬರೆಯಲು ಬಾರದೆ ಅಲ್ಲ. ಬರೆದು, ಓದಿ, ಎದ್ದು ನೀರು ಕುಡಿದು ಬಂದು ಮತ್ತೊಮ್ಮೆ ಓದಿದೆ. ಅವಳನ್ನು ಬಿಟ್ಟು ಬರಲು ನಾನೂ ಹೋಗಿದ್ದೆ. ತಿರುಗಿ ಬರುವಾಗ ಬಸ್ಸಿನ ಕಂಡಕ್ಟರ್ "ಎಲ್ಲಿಗ್ರೀ ಯಜಮಾನ್ರ?" ಎಂದು ಕೇಳಿದರೆ, "ಮೊಮ್ಮಗಳಿಗೆ ನೌಕರಿ ಆತ್ರಿ" ಎಂದೆ. ಆತ, "ಭಾಳ ಛಲೋ ಆತು. ಆದ್ರ ಆ ಹೆಸರಿನ ಸ್ಟಾಪು ನಮ್ಮ ರೂಟಿನ್ಯಾಗ ಇಲ್ಲರಿ" ಎಂದ. ಬಸ್ಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ನಾನೂ ಆ ನರ್ಸರಿ ನಡೆಸುವ ಸರ್ಕಾರಿ ಇಲಾಖೆಯಲ್ಲೇ ಮಾಲಿಯಾಗಿದ್ದವನು. ಓದಿದ್ದು ಮೂರನೆಯ ತರಗತಿ. ಅವಳು ಎಷ್ಟು ಓದಿದ್ದಾಳೆ ಎಂದು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಎಲೆ ನೋಡಿ ರೋಗಕ್ಕೆ ಇಂಗ್ಲಿಷಿನಲ್ಲಿ ಹೆಸರು ಹೇಳುತ್ತಾಳೆ, ಅಷ್ಟು ಓದಿದ್ದಾಳೆ. ಹೊರಡುವ ಹಿಂದಿನ ದಿನ ಅವಳೇ ಒಂದು ನೋಟುಬುಕ್ಕು ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಅಜ್ಜಾ, ಪುಸ್ತಕದಾಗ ಇಲ್ಲದ್ದು ಏನೇನ್ ಗೊತ್ತೈತಿ ಎಲ್ಲಾ ಇದ್ರಾಗ ಬರಿ. ನನ್ನ ಜೋಡಿ ಸೇರಿದ ಹುಡುಗೋರೂ ಓದ್ತಾರ."

"ತಪ್ಪು ಬರದ್ರ?"

"ನಾ ತಿದ್ದತೀನಿ. ಸಣ್ಣಾಕಿ ಇದ್ದಾಗ ನೀ ನನ್ನ ಎಷ್ಟ್ ತಿದ್ದಿಲ್ಲ?"

ಆದ್ದರಿಂದ ಬರೆಯುತ್ತಿದ್ದೇನೆ. ದಿನಗೂಲಿಯಿಂದ ಖಾಯಂ ಆದದ್ದು, ಯಾವಾಗ ಏನು ಹೆಚ್ಚಾಯಿತು, ಇವೆಲ್ಲ ಕಚೇರಿಯ ಕಡತದಲ್ಲಿ ಇರುತ್ತವೆ, ಇಲ್ಲಿ ಬೇಡ. ನರ್ಸರಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾದದ್ದು ನನ್ನ ತಪ್ಪುಗಳ ಕಥೆ. ಅದರಲ್ಲಿ ಒಂದು ತಪ್ಪು ಬಹಳ ದೊಡ್ಡದು. ಅದಕ್ಕೂ ಮೊದಲು ಸಣ್ಣ ಪುಟ್ಟವನ್ನು ಮುಗಿಸಿಬಿಡುತ್ತೇನೆ.

ಕೊಪ್ಪಳ ಜಿಲ್ಲೆಯಾದ 1997ರಲ್ಲೇ ನಾನು ಕೆಲಸಕ್ಕೆ ಸೇರಿದೆ. ಊರವರೆಲ್ಲ ಇನ್ನು ರಾಯಚೂರಿಗೆ ಓಡಾಡುವುದು ತಪ್ಪಿತು ಎಂದು ಖುಷಿಯಲ್ಲಿದ್ದರು. ನನ್ನ ಕೈಗೆ ಗುದ್ದಲಿ ಬಂತು. ನರ್ಸರಿಯಲ್ಲಿ ಹುಸೇನಸಾಬ ಎಂಬ ದೊಡ್ಡ ಮಾಲಿ ಇದ್ದರು, ಬಿಳಿ ಗಡ್ಡ, ತಲೆಗೆ ಟವೆಲ್ಲು. ಅವರು ನನಗೆ ಕಲಿಸಿದ ಮೊದಲ ಪಾಠ ನೀರು ಹಾಕುವುದಲ್ಲ, ಹಾಕದೆ ಇರುವುದು. ನಾನು ಝಾರಿ ಹಿಡಿದು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದರು. "ಮೊದಲ ಬಟ್ಟು ಹಾಕಿ ನೋಡೋ. ಮಣ್ಣಿನ್ಯಾಗ ಬಟ್ಟು ಇಟ್ರ ಸಸಿಗೆ ನೀರಡಿಕಿ ಐತೋ ಇಲ್ಲೋ ಅದ ಹೇಳತೈತಿ. ನಿನ್ನ ಕಣ್ಣಿಗೆ ಏನ್ ಕಾಣ್ತೈತಿ, ಮಣ್ಣ?" ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಟ್ಟು ನೋಡಬೇಕು. ಈಗ ತೇವ ಅಳೆಯುವ ಯಂತ್ರ ಬಂದಿದೆಯಂತೆ. ಯಂತ್ರ ಇಟ್ಟುಕೊಳ್ಳಿರಿ, ಬೆರಳನ್ನೂ ಇಟ್ಟುಕೊಳ್ಳಿರಿ.

ಎರಡನೆಯ ವರ್ಷ ಕಸಿ ಮಾಡಿದ ಮಾವಿನ ಸಸಿಗಳನ್ನು ನನ್ನ ಉಸ್ತುವಾರಿಗೆ ಬಿಟ್ಟರು. ಕಸಿ ಕಟ್ಟಿದ ಜಾಗದ ಕೆಳಗೆ ಕಾಡುಮಾವು, ಮೇಲೆ ಒಳ್ಳೆಯ ಜಾತಿ. ಕೆಳಗಿನಿಂದ ಚಿಗುರು ಬಂದರೆ ಚಿವುಟಿ ಹಾಕಬೇಕು. ನನಗೆ ಹೇಳಿದ್ದೂ ಅದೇ. ಆದರೆ ಕೆಳಗಿನ ಚಿಗುರು ದಪ್ಪಗೆ, ಹಸಿರಾಗಿ, ಹೋರಿಗರುವಿನ ಹಾಗೆ ಜಿಗಿಯುತ್ತಿತ್ತು. ಮೇಲಿನದು ಬಡಕಲು. ಇಷ್ಟು ಜೋರಾಗಿ ಬರುವುದನ್ನು ಕೀಳುವುದೇ ಎಂದು ನನ್ನ ಕೈ ತಡೆಯಿತು. ಬಡಕಲನ್ನೇ ಕತ್ತರಿಸಿ ದಪ್ಪನೆಯದನ್ನು ಉಳಿಸಿದೆ. ಎರಡು ಸಾಲು ಮುಗಿಸುವ ಹೊತ್ತಿಗೆ ಹುಸೇನಸಾಬರು ಬಂದು ನೋಡಿ ನೆಲದ ಮೇಲೆ ಕುಳಿತುಬಿಟ್ಟರು. "ಯಾ ಅಲ್ಲಾ! ಮದುಮಗನ್ನ ಹೊರಗ ಹಾಕಿ ಬ್ಯಾಂಡಿನವ್ನ ಹಸಿಮಣಿ ಮ್ಯಾಲ ಕುಂದ್ರಿಸಿಯಲ್ಲೋ!" ಅವರು ಬಯ್ಯಲಿಲ್ಲ, ಮೇಲೆ ದೂರು ಕೊಡಲಿಲ್ಲ. ಮರುವರ್ಷ ಆ ಎರಡು ಸಾಲನ್ನೂ ನನ್ನ ಕೈಯಿಂದಲೇ ಮತ್ತೆ ಕಸಿ ಕಟ್ಟಿಸಿದರು. ತಪ್ಪನ್ನು ಮಾಡಿದ ಕೈಯಿಂದಲೇ ತಿದ್ದಿಸಿದರೆ ಅದು ಜನ್ಮಪೂರ್ತಿ ನೆನಪಿರುತ್ತದೆ.

ಇನ್ನೊಂದು ವರ್ಷ ಹನುಮನಹಳ್ಳಿ ಕಡೆ, ಬೆಟ್ಟ ಹತ್ತಲು ಬರುವ ಭಕ್ತರ ದಾರಿಯಲ್ಲಿ ನೆರಳಿಗೆಂದು ಸಸಿ ನೆಟ್ಟೆವು. ಬೆಳಿಗ್ಗೆ ನಾವು ನೆಟ್ಟದ್ದನ್ನು ಮಧ್ಯಾಹ್ನ ಕೋತಿಗಳು ಕಿತ್ತು, ಬೇರು ನೋಡಿ, ಅಲ್ಲೇ ಮಲಗಿಸಿ ಹೋಗುತ್ತಿದ್ದವು. ತಿನ್ನುತ್ತಿರಲಿಲ್ಲ. ಏನು ಹೂತಿದ್ದಾರೆ ಎಂಬ ಕುತೂಹಲ ಅಷ್ಟೇ. ಅಂಗಡಿಯ ಮುದುಕಿಯೊಬ್ಬಳು, "ಅವು ಇಲ್ಲಿ ಮಾಲಕರು, ನಿಮ್ಮ ಕೆಲಸ ಚೆಕ್ ಮಾಡಾಕ ಹತ್ಯಾವ" ಎಂದಳು. ಕಡೆಗೆ ಅವಳೇ ಹೇಳಿದಂತೆ ಸಗಣಿ ನೀರು ಬಳಿದು ನೆಟ್ಟೆವು. ಕೋತಿ ಮೂಸಿ, ಮುಖ ಸಿಂಡರಿಸಿ, ಬಿಟ್ಟುಹೋಯಿತು. ಊರಿನವರನ್ನು ಕೇಳದೆ ಊರಿನಲ್ಲಿ ಗಿಡ ನೆಡಬೇಡಿರಿ ಎಂದು ಅಂದೇ ಗಂಟು ಹಾಕಿಕೊಂಡೆ.

ಇನ್ನು ದೊಡ್ಡ ತಪ್ಪಿಗೆ ಬರುತ್ತೇನೆ.

ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಹಿಂದೆ ಒಂದು ಮರಡಿ ಇತ್ತು. ಕಲ್ಲು ಗರಸಿನ ದಿಬ್ಬ. ಶಾಲೆಯ ಸುತ್ತ ಮರ ಎನ್ನುವುದು ಒಂದೂ ಇರಲಿಲ್ಲ. ಮಕ್ಕಳು ಮಧ್ಯಾಹ್ನದ ಊಟವನ್ನು ಗೋಡೆಯ ನೆರಳಿನಲ್ಲಿ ಮಾಡುತ್ತಿದ್ದರು; ನೆರಳು ಸರಿದಂತೆ ತಾಟು ಹಿಡಿದು ಅವರೂ ಸರಿಯುತ್ತಿದ್ದರು. ಆ ಮರಡಿಯ ಮೇಲೆ ನೂರಿಪ್ಪತ್ತು ಹುಣಸೆ, ಬೇವು, ನೇರಳೆ ನೆಟ್ಟೆವು. ಬೇಸಿಗೆಗೆ ಎಲ್ಲ ಒಣಗಿದವು. ಮೇಲಿನಿಂದ ಸುರಿದ ನೀರು ಗರಸಿನಲ್ಲಿ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ.

ಆಗ ಇದ್ದ ಸಾಹೇಬರು ಎಲ್ಲೋ ತರಬೇತಿಗೆ ಹೋಗಿ ಬಂದು ಹೊಸ ಉಪಾಯ ಹೇಳಿದರು. ಪ್ರತಿ ಸಸಿಯ ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂಳುವುದು, ವಾರಕ್ಕೊಮ್ಮೆ ನೀರು ತುಂಬಿ ಮುಚ್ಚುವುದು. ಬೇರು ತನಗೆ ಬೇಕಾದಷ್ಟು ಕುಡಿಯುತ್ತದೆ. ನನ್ನನ್ನು ಕರೆದು, "ಹನುಮಪ್ಪ, ಛಲೋ ಗಡಿಗಿ ನೋಡಿ ತೊಗೊಂಡು ಬಾ" ಎಂದರು.

ಛಲೋ ಗಡಿಗೆ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಮನೆ, ಭಾಗ್ಯನಗರದ ಅಂಚಿನಲ್ಲಿದ್ದ ಕುಂಬಾರ ಸಂಗಪ್ಪಜ್ಜನ ಮನೆ. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿ ನಾಗಮ್ಮನನ್ನು ಚಿಗವ್ವ ಎನ್ನುತ್ತಿದ್ದೆವು. ಅವರ ಗಡಿಗೆಯಲ್ಲಿ ಹಾಲು ತುಂಬಿಟ್ಟರೆ ಹೊರಗೆ ಒಂದು ಕಲೆ ಕಾಣುತ್ತಿರಲಿಲ್ಲ. ಮಣ್ಣು ಅರ್ಧ ಒಣಗಿದಾಗ ಕೆಮ್ಮಣ್ಣು ಬಳಿದು, ನುಣುಪಾದ ಹೊಳೆಗಲ್ಲಿನಿಂದ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುತ್ತಿದ್ದರು. ಸುಟ್ಟಾದ ಮೇಲೆ ಅವರ ಮನೆಯದೇ ಒಂದು ಪದ್ಧತಿ: ಅಂಗಳದಲ್ಲಿ ಒಣ ಬೂದಿ ಹಾಸಿ, ಅದರ ಮೇಲೆ ಗಡಿಗೆಗಳನ್ನಿಟ್ಟು ನೀರು ತುಂಬುವುದು. ಮರುದಿನ ಎತ್ತಿದಾಗ ಕೆಳಗಿನ ಬೂದಿ ಒದ್ದೆಯಾಗಿದ್ದರೆ ಆ ಗಡಿಗೆಯನ್ನು ಕಾಕಾ ತಮ್ಮ ಕೈಯಾರೆ ಒಡೆಯುತ್ತಿದ್ದರು. ಕಡಿಮೆ ಬೆಲೆಗೆ ಕೊಡಿ ಎಂದರೂ ಕೊಡುತ್ತಿರಲಿಲ್ಲ.

ನಾನು ನೂರಿಪ್ಪತ್ತು ಗಡಿಗೆ ಹೇಳಿದೆ. ಕಾಕಾ ತಿಂಗಳೊಪ್ಪತ್ತು ತಿಗರಿ ತಿರುಗಿಸಿ, ಉಜ್ಜಿ, ಸುಟ್ಟು, ಬೂದಿಯ ಪರೀಕ್ಷೆ ಮುಗಿಸಿ ಕೊಟ್ಟರು. ಮತ್ತೆ ನೂರಿಪ್ಪತ್ತು ಸಸಿ ನೆಟ್ಟು, ಮಗ್ಗುಲಿಗೆ ಗಡಿಗೆ ಹೂಳಿದೆವು, ನೀರು ತುಂಬಿದೆವು. ಎಂಟು ದಿನ ಬಿಟ್ಟು ಮುಚ್ಚಳ ತೆಗೆದು ನೋಡುತ್ತೇನೆ, ನೀರು ಇಟ್ಟದ್ದು ಇಟ್ಟ ಹಾಗೇ ಇದೆ! ನನಗೆ ಹಿಡಿಸಲಾರದ ಸಂತೋಷ. ಸೈಕಲ್ಲು ಹತ್ತಿ ಟೆಲಿಫೋನ್ ಇದ್ದಲ್ಲಿಗೆ ಹೋಗಿ ಸಾಹೇಬರಿಗೆ ಸುದ್ದಿ ಮುಟ್ಟಿಸಿದೆ: "ಸಾಹೇಬ್ರ, ನೀರು ಖರ್ಚ ಆಗವಲ್ದರಿ!" ಅವರೂ ಖುಷಿಪಟ್ಟು, "ಭೇಷ್!" ಎಂದರು. ಮತ್ತೊಂದು ವಾರ, ಮತ್ತೂ ಒಂದು ವಾರ. ನೀರು ತುಂಬುವ ಕೆಲಸವೇ ಇಲ್ಲ. ನಾನು ಶಾಲೆಯ ಮಾಸ್ತರರೊಡನೆ ಕುಳಿತು ಚಹಾ ಕುಡಿದು ಬರುತ್ತಿದ್ದೆ. ಎಲೆ ಹಳದಿಯಾದರೆ ಬಿಸಿಲಿಗೆ ಎಂದುಕೊಂಡೆ. ಗಡಿಗೆ ತುಂಬಿದೆಯಲ್ಲ ಎಂಬ ಧೈರ್ಯ. ಹುಸೇನಸಾಬರು ಕಲಿಸಿದ್ದ ಬೆರಳನ್ನು ಒಮ್ಮೆಯಾದರೂ ಮಣ್ಣಿಗೆ ಇಟ್ಟಿದ್ದರೆ ಗೊತ್ತಾಗುತ್ತಿತ್ತು, ತುಂಬಿದ ಗಡಿಗೆಯ ಮಗ್ಗುಲಲ್ಲೇ ಮಣ್ಣು ಸುಟ್ಟ ರವೆಯಂತಾಗಿತ್ತು. ನೂರಿಪ್ಪತ್ತು ಸಸಿಗಳು ನೀರಿನ ಗೋಡೆಗೆ ಒರಗಿ ನೀರಡಿಸಿ ಸತ್ತವು.

ಆ ಸಾಹೇಬರು ವರ್ಗವಾಗಿ ಹೋದರು. ಒಣಕಡ್ಡಿಗಳು ಬಹಳ ದಿನ ಮರಡಿಯ ಮೇಲೆ ಹಾಗೇ ನಿಂತಿದ್ದವು. ಕೆಲವು ವರ್ಷಗಳ ನಂತರ, ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಾಗ, ಮೇಡಂ ಒಬ್ಬರು ಬಂದರು. ಚಿಕ್ಕ ವಯಸ್ಸು, ಕಾಲಿಗೆ ಬೂಟು, ಮಾತು ಕಡಿಮೆ. ಮರಡಿಗೆ ಬಂದವರೇ ಹಳೆಯ ಗಡಿಗೆಯೊಂದನ್ನು ಅಗೆಸಿ ತೆಗೆಸಿದರು. ಹೊರಮೈ ಮೇಲೆ ಅಂಗೈ ಎಳೆದು ನೋಡಿದರು. ಅಂಗೈಗೆ ಧೂಳು ಅಂಟಿತು, ಅದರ ಕೆಳಗೆ ಕನ್ನಡಿಯ ನುಣುಪು ಹಾಗೇ ಇತ್ತು.

"ಇದು ಸೋರೋದೇ ಇಲ್ಲವಲ್ಲ, ಹನುಮಪ್ಪ."

"ಸೋರಂಗಿಲ್ರಿ ಮೇಡಂ. ಕಾಕಾನ ಕೈದು" ಎಂದೆ, ಹೆಮ್ಮೆಯಿಂದ. ಹೇಳಿ ಮುಗಿಸುವಷ್ಟರಲ್ಲಿ ನನಗೆ ಎಲ್ಲ ತಿಳಿದುಹೋಯಿತು. 

ಮೇಡಂ ನಗಲಿಲ್ಲ. "ಈ ಮಳೆಗಾಲದಲ್ಲಿ ಇನ್ನೊಂದು ಸಲ ನೆಡೋಣ. ಈ ಸಲವೂ ಒಣಗಿದರೆ ಮರಡಿಯನ್ನು ಕೈಬಿಡಬೇಕಾಗುತ್ತದೆ, ಮೂರು ಸಲ ಸತ್ತ ಜಾಗಕ್ಕೆ ನಾಲ್ಕನೆಯ ಸಲ ಸಸಿ ಕೊಡಿ ಎಂದು ನಾನು ಕೇಳಲಾರೆ" ಎಂದರು. "ನೀರನ್ನು ಮೆಲ್ಲಗೆ ಬಿಟ್ಟುಕೊಡುವ ಗಡಿಗೆ ಬೇಕು. ನಿಮ್ಮ ಕಾಕಾ ಮಾಡಿಕೊಡುತ್ತಾರಾ?"

ಮಾಡಿಕೊಡುತ್ತಾರೆ ಎಂದು ನಾನು ಸುಲಭವಾಗಿ ಒಪ್ಪಿಕೊಂಡೆ.

ಮರುದಿನ ಭಾಗ್ಯನಗರಕ್ಕೆ ಹೋದೆ. ಕಾಕಾನಿಗೆ ಆಗ ಎಂಬತ್ತರ ಹತ್ತಿರ. ಮನೆಯ ಮುಂದಿನ ಅಂಕಣವೇ ಅವರ ಕಾರ್ಖಾನೆ. ನೆಲದಲ್ಲಿ ತಿಗರಿ, ಮೂಲೆಯಲ್ಲಿ ಹಸಿ ಗೋಣಿ ಹೊದ್ದ ಮಣ್ಣಿನ ಗುಡ್ಡೆ, ಗೋಡೆಗುಂಟ ಒಣಗಲು ಇಟ್ಟ ಬೋಗುಣಿಗಳು, ಹೊರಗೆ ಗಡಿಗೆ ಸುಡುವ ಆವಿಗೆ. ಯಾವುದೋ ಯೋಜನೆಯಲ್ಲಿ ಬಂದ ಕರೆಂಟಿನ ತಿಗರಿಯೂ ಇತ್ತು. ಅದರ ಮೇಲೆ ಕೋಳಿಯೊಂದು ಕಾವಿಗೆ ಕುಳಿತಿತ್ತು. ಕಾಕಾ ಕಟ್ಟೆಗೆ ಒರಗಿ ಕುಳಿತು ಎರಡೂ ಮೊಣಕಾಲು ನೀವಿಕೊಳ್ಳುತ್ತಿದ್ದರು.

"ಬಾ ತಮ್ಮಾ. ಬರೋಬ್ಬರಿ ಬಂದಿ. ಇದೊಂದು ಆವಿಗಿ ಸುಟ್ಟು ತಿಗರಿ ಎತ್ತಿಡೋನು ಅಂತ ಮಾಡೀನಿ. ಮಣಕಾಲು ಒಲ್ಲೆ ಅಂತಾವ. ಕಡೀ ಆವಿಗಿ ಇದು. ನಿನಗೇನು ಬೇಕು ಹೇಳು, ಎಲ್ಲಾಕ್ಕಿಂತ ಛಲೋದು ಮಾಡಿ ಕೊಡತೀನಿ."

 ಹೇಗೋ ಶುರು ಮಾಡಿದೆ. "ಕಾಕಾ, ಹಿಂದಕ ಮರಡಿಗೆ ಗಡಿಗಿ ಒಯ್ದಿದ್ನೆಲ್ಲಾ. ಸಸಿ ಎಲ್ಲಾ ಸತ್ತುವ್ರಿ."

"ಅಯ್ಯ! ಯಾಕ? ಗಡಿಗಿ ಸೋರಿದ್ವೇನು?"

"ಒಂದ್ ಹನಿ ಸೋರಿಲ್ಲರಿ."

"ಮತ್ತ?" ಕಾಕಾನ ಎದೆ ಉಬ್ಬಿತು. "ನನ್ನ ಗಡಿಗಿ ತಪ್ಪೇನೈತಿ?"

"ಸೋರಲಿಲ್ಲಲ್ರಿ, ಅದ ತಪ್ಪು. ಈಗ ಸೋರೋವು ಬೇಕಾಗ್ಯಾವ. ನೂರಾ ಇಪ್ಪತ್ತು."

ಕಾಕಾ ನನ್ನನ್ನೇ ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು. "ಏ ಇಕಿನ! ಹನುಮಪ್ಪಗ ಒಂದ್ ಚರಗಿ ನೀರು ಕೊಟ್ಟು ಹಾದಿಗೆ ಹಚ್ಚು. ಬಿಸಲು ತಲೀಗೆ ಏರೈತಿ."

"ಚ್ಯಾಷ್ಟಿ ಅಲ್ಲರಿ ಕಾಕಾ."

"ಚ್ಯಾಷ್ಟಿ ಅಲ್ಲಂದ್ರ ಇನ್ನೂ ಕೆಟ್ಟದ್ದು. ನಮ್ಮಪ್ಪ ಸಾಯೋ ಮುಂದ ಹೇಳಿ ಹೋಗ್ಯಾನ, ಸೋರೋ ಗಡಿಗಿ ಮನಿ ಹೊಸ್ತಿಲಾ ದಾಟಬಾರದು ಅಂತ. ಅರವತ್ತು ವರ್ಷ ದಾಟಿಸಿಲ್ಲ. ಈಗ ಕಡೀ ಆವಿಗ್ಯಾಗ ನೂರಾ ಇಪ್ಪತ್ತು ದಾಟಿಸ್ಲೇನು? ನಾ ಹ್ವಾದಮ್ಯಾಲ ಮಂದಿ ಏನಂತಾರ? ಸೋರೋ ಗಡಿಗಿ ಸಂಗಪ್ಪ ಅಂತಾರ. ಎದ್ದು ಹೋಗು."

ಎದ್ದು ಬಂದೆ. ಮೇಡಂಗೆ ಏನು ಹೇಳಲಿ? ಬೇರೆ ಕುಂಬಾರರ ಬಳಿ ಹೋಗಬಹುದಿತ್ತು, ಹೋಗಿಯೂ ಬಂದೆ. ಕೆಲವರು ತಿಗರಿ ಬಿಟ್ಟಿದ್ದರು, ಒಬ್ಬರು ಹಣತೆ ಮಾತ್ರ ಮಾಡುತ್ತೇವೆ ಎಂದರು. ಇನ್ನೊಬ್ಬರು ಕೊಟ್ಟ ಅರೆಬೆಂದ ಗಡಿಗೆ ನೀರು ಹಾಕುತ್ತಿದ್ದಂತೆ ಕೆಸರಾಗಿ ಕುಸಿಯಿತು. ಮೆಲ್ಲಗೆ ಸೋರುವ ಗಡಿಗೆ ಮಾಡಬೇಕಾದರೆ ಸೋರದ ಗಡಿಗೆ ಮಾಡಿ ಗೊತ್ತಿದ್ದವನೇ ಬೇಕು. ಎರಡನೆಯ ಸಲ ಕಾಕಾನ ಮನೆಗೆ ಹೋದೆ, ಅವರು ಎದ್ದು ಒಳಗೆ ಹೋದರು. ಮೂರನೆಯ ಸಲ ಹೋದಾಗ ಒಂದು ಹುಣಸೆ ಸಸಿ ಒಯ್ದು ಅಂಗಳದಲ್ಲಿ ಇಟ್ಟೆ. "ಇದನ್ನ ತೋರಿಸಿ ನನ್ನ ಕರಗಸ್ತಿಯೇನು? ನಾ ಏನ್ ಹಸಿ ಮಣ್ಣ?" ಎಂದು ಕಾಕಾ ಮುಖ ತಿರುಗಿಸಿದರು.

ಅಷ್ಟು ಹೊತ್ತು ಒಳಗೆ ರೊಟ್ಟಿ ಬಡಿಯುತ್ತಿದ್ದ ನಾಗಮ್ಮ ಚಿಗವ್ವ, ಕೈಗೆ ಹಿಟ್ಟು ಮೆತ್ತಿದ ಹಾಗೆಯೇ ಹೊರಗೆ ಬಂದರು. ನನಗೆ ಹೇಳುವ ಹಾಗೆ ಗಂಡನಿಗೆ ಹೇಳಿದರು.

"ಹನುಮಪ್ಪಾ, ನಿಮ್ಮ ಕಾಕಾಗ ಒಂದು ಮಾತು ಕೇಳು. ವರ್ಷಾ ಬ್ಯಾಸಗ್ಯಾಗ ಈಶ್ವರನ ಗುಡಿಗೆ ಗಡಿಗಿ ಯಾರು ಕೊಡ್ತಾರ ಅಂತ."

 ನಮ್ಮ ಕಡೆ ಕೆಲವು ಗುಡಿಗಳಲ್ಲಿ ಬೇಸಿಗೆಯ ದಿನ ಲಿಂಗದ ಮೇಲೆ ಒಂದು ಮಣ್ಣಿನ ಗಡಿಗೆ ತೂಗುಹಾಕುತ್ತಾರೆ. ಬುಡದಲ್ಲಿ ಸಣ್ಣ ತೂತು; ಹನಿ ಹನಿಯಾಗಿ ನೀರು ಬೀಳುತ್ತಲೇ ಇರಬೇಕು. ಅಲ್ಲಿಯ ಗುಡಿಗೆ ಅದನ್ನು ಕೊಡುವುದು ಕಾಕಾನ ಮನೆತನದ ಸೇವೆ.

"ಆ ಗಡಿಗಿ ಹೊಸ್ತಿಲಾ ಹೆಂಗ್ ದಾಟ್ತೈತಿ? ಹಾರಿ ಹೋಗ್ತೈತೇನು?" ಚಿಗವ್ವ ಬಿಡಲಿಲ್ಲ. "ಹೋದ್ವರ್ಷ ಹನಿ ನಿಂತಿತು ಅಂತ ಪೂಜಾರಿ ತಿರುಗಿ ತಂದ. ನಾಚಿಕಿ ಆಗಿ ಅವತ್ತ ಬ್ಯಾರೇದು ಮಾಡಿ ಕೊಟ್ಟಿ. ಸೋರಲಿಲ್ಲಂತ ನಾಚಿಕಿ ಪಟ್ಟ ಮನಶಾ ನೀ! ದೇವರಿಗೆ ಸೋರೋದು ನಡೀತೈತಿ, ಗಿಡಕ್ಕ ನಡಿಯಂಗಿಲ್ಲ?"

"ಅದು ದೇವರ ಕೆಲಸ."

"ಆ ಸಾಲಿ ಹುಡುಗೋರು ಗ್ವಾಡಿಗೆ ಹತ್ತಿ ಉಣ್ಣಾಕ ಹತ್ಯಾರಂತ. ಅದು ಯಾರ ಕೆಲಸ?" ಎಂದು ಒಳಗೆ ಹೋಗಿ, ಮತ್ತೆ ರೊಟ್ಟಿ ಬಡಿಯಲು ಶುರು ಮಾಡಿದರು. ಆ ದಿನ ರೊಟ್ಟಿಯ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಕಾಕಾ ನಾನು ತಂದ ಹುಣಸೆ ಸಸಿಯನ್ನು ಹತ್ತಿರ ಎಳೆದುಕೊಂಡು ಬುಡದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು.  ಕಡೆಗೆ, "ತೂತು ಹಾಕಿದ್ರ ನಡೀತೈತೇನು?" ಎಂದರು.

"ಇಲ್ಲರಿ. ತೂತಿನಿಂದ ಒಂದ ಕಡೆ ಹರದು ಹೋಗ್ತೈತಿ. ಮೈಯೆಲ್ಲಾ ಬೆವರಬೇಕ್ರಿ, ನೀರಿನ ಗಡಿಗಿ ಬೆವರ್ತೈತೆಲ್ಲಾ ಹಂಗ, ಅದಕ್ಕಿಂತ ಒಂಚೂರು ಹೆಚ್ಚು. ಐದಾರು ದಿನಕ್ಕ ಖಾಲಿ ಆಗಬೇಕ್ರಿ."

"ಐದಾರು ದಿನ!" ಕಾಕಾ ಮೊಣಕಾಲು ಮರೆತು ನೆಟ್ಟಗೆ ಕುಳಿತರು. "ಅದು ಸೋರೋದು ಅಲ್ಲಲೇ. ಅದು ಲೆಕ್ಕ ಹಾಕಿ ಕೊಡೋದು. ಸೋರೋ ಗಡಿಗಿ ಯಾವ ಗಾಂಪನರ ಮಾಡ್ತಾನ. ಇದು ಬ್ಯಾರೆ ಕೆಲಸ." ಆಮೇಲೆ ಕಣ್ಣು ಕಿರಿದು ಮಾಡಿ, "ಉಜ್ಜಬಾರದು. ಕೆಮ್ಮಣ್ಣು ಬಳೀಬಾರದು. ಮಣ್ಣಿನ್ಯಾಗ ಏನರ ಸುಟ್ಟು ಹೋಗೋದು ಕಲಸಬೇಕು. ಅದು ಸುಟ್ಟಲ್ಲೆ ಸಣ್ಣ ಸಣ್ಣ ಸಂದು ಬೀಳ್ತಾವ. ನೆಲ್ಲಿನ ಹೊಟ್ಟು ತಾ ನೋಡೋನು" ಎಂದರು.

ಕೊಪ್ಪಳದ ಒಣನೆಲದಲ್ಲಿ ಭತ್ತದ ಹೊಟ್ಟು ಎಲ್ಲಿಯದು? ಮರುದಿನವೇ ಗಂಗಾವತಿ ಬಸ್ಸು ಹತ್ತಿ ಮರಳಿ ಎಂಬ ಊರಿನ ಕಡೆಗೆ ಹೋದೆ. ಕಾಲುವೆ ನೀರು, ಎತ್ತ ನೋಡಿದರೂ ಹಸಿರು. ನನ್ನ ಮರಡಿಯ ಸಸಿಗಳನ್ನು ನೆನೆದು ಹೊಟ್ಟೆ ಉರಿಯಿತು. ಅಕ್ಕಿ ಗಿರಣಿಯವನು ನನ್ನ ಮಾತು ಕೇಳಿ ಆಶ್ಚರ್ಯಪಟ್ಟ. "ಇಟ್ಟಂಗಿ ಭಟ್ಟಿಯೋರು ಒಯ್ತಾರ, ಕೋಳಿ ಫಾರಮ್ಮಿನೋರು ಒಯ್ತಾರ. ಗಡಿಗಿ ಕೆಡಸಾಕ ಅಂತ ಒಯ್ಯೋನು ನೀನ ಮೊದಲು ನೋಡು" ಎಂದು ಎರಡು ಚೀಲ ಒತ್ತಿ ತುಂಬಿಸಿ ಹಾಗೇ ಕೊಟ್ಟ. ಬಸ್ಸಿನ ಮೇಲೆ ಚೀಲ, ಒಳಗೆ ನಾನು. ದಾರಿಯುದ್ದಕ್ಕೂ ಹೊಟ್ಟು ಕಿಟಕಿಯಿಂದ ಹಾರಿಬಂದು ಎಲ್ಲರ ತಲೆಯ ಮೇಲೆ ಕುಳಿತಿತು. ನಾನು ಗೊತ್ತಿಲ್ಲದವನ ಹಾಗೆ ಹೊರಗೆ ನೋಡುತ್ತಿದ್ದೆ.

ಮೊದಲು ಆರು ಗಡಿಗೆ ಮಾತ್ರ ಮಾಡಿ ನೋಡಿದರು. ಹೊಟ್ಟು ಹೆಚ್ಚಾಗಿತ್ತು, ನೀರು ಹಾಕಿದರೆ ಜರಡಿ. ಚಿಗವ್ವ, "ಹಪ್ಪಳ ಕರದು ಎಣ್ಣಿ ಸೋಸಾಕ ಬರ್ತಾವ, ಇಟಗೊಳ್ಳೋನು" ಎಂದರು. ಎರಡನೆಯ ಸಲ ಹೊಟ್ಟು ಕಡಿಮೆಯಾಗಿತ್ತು. ಆ ಗಡಿಗೆಗಳು ಹಠ ಹಿಡಿದ ಎಮ್ಮೆಯ ಹಾಗೆ ನೀರು ಬಿಟ್ಟುಕೊಡಲಿಲ್ಲ. ಕಾಕಾನ ಕೈಯೇ ಹಾಗೆ, ಅರವತ್ತು ವರ್ಷ ಮಣ್ಣನ್ನು ಒತ್ತಿ ಒತ್ತಿ ಸಂದು ಮುಚ್ಚಿದ ಕೈ. ತೆರೆದಿಡು ಎಂದರೆ ಅದಕ್ಕೆ ತಿಳಿಯುತ್ತಿರಲಿಲ್ಲ. "ಮನಸು ಹ್ಞೂಂ ಅಂತೈತಿ, ಬಟ್ಟು ಒಲ್ಲೆ ಅಂತಾವ" ಎಂದು ತಮ್ಮ ಬೆರಳುಗಳನ್ನೇ ಬಯ್ಯುತ್ತಿದ್ದರು. ಚಿಗವ್ವ ಹೊಟ್ಟನ್ನು ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ಒಂದೇ ಅಳತೆಯದು ಮಾಡಿಕೊಟ್ಟರು; ಕಾಕಾ ಮೂರನೆಯ ಸಲ ಕಲಸಿದರು. ಸುಟ್ಟ ಮೇಲೆ ಬೂದಿಯ ಮೇಲೆ ಇಟ್ಟು ನೀರು ತುಂಬಿದರು. ಈಗ ಪರೀಕ್ಷೆ ತಲೆಕೆಳಗು. ಬೂದಿ ಒದ್ದೆಯಾಗದ ಗಡಿಗೆ ನಪಾಸು.

ಮರುದಿನ ಬೆಳಿಗ್ಗೆ ನಾನು ಹೋದಾಗ ಕಾಕಾ ಅಂಗಳದಲ್ಲಿ ಮೊಣಕಾಲೂರಿ ಗಡಿಗೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮೈಯೆಲ್ಲ ಸಮನಾಗಿ ತೇವ, ಎಲ್ಲೂ ಹನಿಯಿಲ್ಲ. ನೀರು ಐದು ದಿನ ಬಾಳಿತು. "ಹೂಂ" ಎಂದರು, ಅಷ್ಟೇ. ಅದೇ ಅಳತೆಯಲ್ಲಿ ನೂರಿಪ್ಪತ್ತನ್ನೂ ಮಾಡಿ ಸುಟ್ಟರು. ಆದರೆ ಅವನ್ನು ಹೊರಗೆ ಸಾಗಿಸುವ ದಿನ ಗಾಡಿಗೆ ತಾವೇ ತಾಡಪತ್ರಿ ಮುಚ್ಚಿಸಿದರು, ಓಣಿಯವರ ಕಣ್ಣಿಗೆ ಬೀಳದಿರಲಿ ಎಂದು. ಅದರಿಂದೇನೂ ಉಪಯೋಗವಾಗಲಿಲ್ಲ. ವಾರದೊಳಗೆ ಸುದ್ದಿ ಹಬ್ಬಿ, ಚಹಾದಂಗಡಿಯಲ್ಲಿ ಯಾರೋ "ಸಂಗಪ್ಪಜ್ಜಾ, ನಮ್ಮನಿಗೂ ಒಂದ್ ಸೋರೋ ಗಡಿಗಿ ಕೊಡು, ಅತ್ತಿಗೆ ಕೊಡಬೇಕು" ಎಂದು ಕಾಡಿದರಂತೆ. ಅಂದಿನಿಂದ ಕಾಕಾ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಇದನ್ನು ಚಿಗವ್ವ ಹೇಳಿದಾಗ ನನಗೆ ರಾತ್ರಿ ಊಟ ಸೇರಲಿಲ್ಲ. ಸಸಿ ಸತ್ತರೆ ಮರಡಿ ಹೋಗುವುದು ಒಂದು ಮಾತು. ನನ್ನಿಂದ ಆ ಮನುಷ್ಯನ ಅರವತ್ತು ವರ್ಷದ ಹೆಸರೂ ಹೋಗುತ್ತದೆ.

ಆ ಮಳೆಗಾಲದಲ್ಲಿ ಸಸಿ ನೆಟ್ಟು ಗಡಿಗೆ ಹೂಳಿದೆವು. ಮುಂದಿನ ಬೇಸಿಗೆಯಲ್ಲಿ ನಾನು ರಜೆ ತೆಗೆದುಕೊಳ್ಳಲಿಲ್ಲ. ವಾರಕ್ಕೊಮ್ಮೆ ನೀರಿನ ಟ್ಯಾಂಕರು ಬರುವ ದಿನ ಪ್ರತಿ ಗಡಿಗೆಯ ಮುಚ್ಚಳ ತೆಗೆದು, ನೀರು ಎಷ್ಟು ಇಳಿದಿದೆ ಎಂದು ಕಡ್ಡಿಯಲ್ಲಿ ಅಳೆದು, ಪಕ್ಕದ ಮಣ್ಣಿನಲ್ಲಿ ಬೆರಳಿಟ್ಟು ನೋಡಿದೆ. ನೂರಿಪ್ಪತ್ತು ಸಲ ಬಗ್ಗುವುದು, ನೂರಿಪ್ಪತ್ತು ಸಲ ಏಳುವುದು. ಶಾಲೆಯ ಮಾಸ್ತರರು, "ಏನ್ರಿ, ಗಿಡಕ್ಕ ಸಾಷ್ಟಾಂಗ ಹಾಕಾಕತ್ತೀರಿ?" ಎನ್ನುತ್ತಿದ್ದರು. ಏಪ್ರಿಲಿನಲ್ಲಿ ಹನ್ನೊಂದು ಸಸಿ ಹೋದವು. ಅದರಲ್ಲಿ ನಾಲ್ಕು ಆಡು ತಿಂದದ್ದು, ಅದರ ಹೊಣೆ ಆಡಿನದು. ಮೇ ತಿಂಗಳಲ್ಲಿ ಬಿಸಿಗಾಳಿಗೆ ಎಲೆಗಳು ಬೆಳಿಗ್ಗೆ ಒಂಬತ್ತಕ್ಕೇ ಮುದುಡುತ್ತಿದ್ದವು. ನಾನು ಸಂಜೆಯವರೆಗೆ ಅಲ್ಲೇ ಕುಳಿತಿರುತ್ತಿದ್ದೆ. ಹೊತ್ತು ಇಳಿಯುತ್ತಲೂ ಒಂದೊಂದೇ ಎಲೆ ಬಿಚ್ಚಿಕೊಳ್ಳುವುದನ್ನು ನೋಡಿದ ಮೇಲೆಯೇ ಮನೆಗೆ ಹೊರಡುತ್ತಿದ್ದೆ.

ಮೊದಲ ಮಳೆ ಬಿದ್ದು ನಾಲ್ಕು ದಿನಕ್ಕೆ ಮೇಡಂ ಬಂದು ಎಣಿಸಿದರು. ನೂರಾ ಒಂಬತ್ತು. ಎರಡು ಸಲ ಎಣಿಸಿದರು, ಎರಡು ಸಲವೂ ಅಷ್ಟೇ. "ಆಯಿತು ಹನುಮಪ್ಪ, ಮರಡಿ ಉಳಿಯಿತು" ಎಂದರು. ನಾನು ಬೇರೇನೂ ಕೇಳಲಿಲ್ಲ, ಒಂದೇ ಕೇಳಿದೆ: "ಮೇಡಂ, ನಾಳೆ ಒಂದ್ ತಾಸು ಜೀಪು ಬೇಕಾಗಿತ್ರಿ."

ಕಾಕಾ ಬರಲು ಒಪ್ಪಲಿಲ್ಲ. "ನಾ ಯಾಕ ಬರ್ಲಿ? ಮಾಡಿಕೊಟ್ಟೆ, ಮುಗೀತು." ಚಿಗವ್ವ ಆಗಲೇ ಹೊಸ ಸೀರೆ ಉಟ್ಟು ಜೀಪಿನಲ್ಲಿ ಕುಳಿತಿದ್ದರು. "ನೀ ಬರದಿದ್ರ ಬಿಡು, ನಾನರ ನೋಡಿ ಬರತೀನಿ, ಹೊಟ್ಟು ಕುಟ್ಟಿದಾಕಿ ನಾ" ಎಂದರು. ಕಾಕಾ ಗೊಣಗುತ್ತ ಹತ್ತಿದರು.

ಮರಡಿಯ ಮೇಲೆ ಕಾಕಾ ಸಸಿಗಳನ್ನು ನೋಡಲೇ ಇಲ್ಲ. ಎಲೆ ಹಸಿರಿದ್ದರೆ ಮಳೆ ಬಂದಿದೆಯಲ್ಲ ಎನ್ನುವ ಮನುಷ್ಯ. ನೆಟ್ಟಗೆ ಒಂದು ಹುಣಸೆಯ ಬುಡಕ್ಕೆ ಹೋಗಿ ಕುಳಿತು, "ನನ್ನ ಗಡಿಗಿ ತೆಗದು ತೋರಿಸು" ಎಂದರು.

"ಕಾಕಾ, ಬ್ಯಾಡ್ರಿ. ಬೇರು ಹರಿತಾವ."

"ಹಂಗಾರ ನೀ ಆಚಿ ಸರಿ, ನಾನ ನೋಡತೀನಿ." ಮೇಡಂ ಕೂಡ ಹತ್ತಿರ ಬಂದು ನಿಂತರು. ಕಾಕಾ ಗುದ್ದಲಿ ಮುಟ್ಟಲಿಲ್ಲ. ಬೆರಳಿನಿಂದಲೇ ಗಡಿಗೆಯ ಒಂದು ಮಗ್ಗುಲಿನ ಮಣ್ಣನ್ನು ಸರಿಸುತ್ತ ಹೋದರು. ಒಂದು ಗೇಣು ಇಳಿದರೂ ಗಡಿಗೆ ಸಿಗಲಿಲ್ಲ. ಸಿಕ್ಕಿದ್ದು ಬಿಳಿ ಬೇರು. ಎಳೆ ಎಳೆಯಾಗಿ, ಹೆಣೆದ ಹಾಗೆ, ಗಡಿಗೆಯ ಹೊಟ್ಟೆಯ ಸುತ್ತಲೂ ಒತ್ತಾಗಿ ಅಪ್ಪಿಕೊಂಡಿತ್ತು. ಕಾಕಾ ಅದರ ನಡುವೆ ಒಂದು ಬೆರಳು ತೂರಿಸಲು ನೋಡಿದರು. ಆಗಲಿಲ್ಲ. ತಾವೇ ಮಾಡಿದ ಗಡಿಗೆಯ ಮಣ್ಣನ್ನು ಮುಟ್ಟಲು ಅವರಿಗೆ ಜಾಗ ಉಳಿದಿರಲಿಲ್ಲ.

ಅವರ ಕೈ ಅಲ್ಲೇ ನಿಂತಿತು. ಚಿಗವ್ವ ಬಗ್ಗಿ ನೋಡಿ, "ಯವ್ವಾ" ಎಂದರು. ಮೇಡಂ ಫೋಟೋ ತೆಗೆಯಲೆಂದು ಫೋನು ಹೊರಗೆ ತೆಗೆದರು.

ಕಾಕಾ ಎರಡೂ ಅಂಗೈಯಿಂದ ಗಡಬಡಿಸಿ ಮಣ್ಣು ಎಳೆದು ಬೇರನ್ನು ಮುಚ್ಚಿದರು.

"ಬ್ಯಾಡ್ರಿ ಬಾಯಾರ. ಕೂಸು ಮೊಲಿ ಕುಡಿಯಾಕ ಹತ್ತೈತಿ. ನೋಡಬಾರದು."